ಚಟದ ಸೆಳೆತವನ್ನು ನಿಭಾಯಿಸಲು ಆನ್‌ಲೈನ್ ಸ್ವಸಹಾಯ ಸಾಧನಗಳು: ಸಮಗ್ರ ಮಾರ್ಗದರ್ಶಿ

ತಂಬಾಕನ್ನೋ ಕುಡಿತವನ್ನೋ ಫೋನಿನ ಜೂಜನ್ನೋ ಬಿಡಬೇಕೆಂದು ಮನಸಾರೆ ನಿರ್ಧರಿಸಿದವರು ಸಾಮಾನ್ಯವಾಗಿ ಸೋಲುವುದು ಸೆಳೆತ ಎದ್ದ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ. ಆ ಹೊತ್ತಿನಲ್ಲಿ ಹೊಸದಾಗಿ ಯೋಚಿಸುವ ತಾಳ್ಮೆ ಯಾರಲ್ಲೂ ಇರುವುದಿಲ್ಲ. ಮೊದಲೇ ಯೋಚಿಸಿ, ಬರೆದು, ಒಂದೆರಡು ಸಲ ಅಭ್ಯಾಸ ಮಾಡಿಟ್ಟುಕೊಂಡದ್ದಷ್ಟೇ ಕೈಗೆ ಬರುತ್ತದೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಪ್ರಶ್ನಾವಳಿಗಳು, ಹಾಳೆಗಳು, ಆ್ಯಪ್‌ಗಳು ಮತ್ತು ಸಹಾಯವಾಣಿಗಳು ಬಹಳಷ್ಟಿವೆ. ಆದರೆ ಹೆಚ್ಚಿನವರು ಅವುಗಳನ್ನು ಒಮ್ಮೆ ಓದಿ, ತಲೆದೂಗಿ, ಪುಟ ಮುಚ್ಚುತ್ತಾರೆ. ಸೆಳೆತ ಬಂದ ಸಂಜೆ ಅವು ನೆನಪಿಗೆ ಬರುವುದಿಲ್ಲ. ಆದ್ದರಿಂದ ಸಮಾಧಾನದ ಹೊತ್ತಿನಲ್ಲಿ ಯಾವ ಸಾಧನವನ್ನು ಹೇಗೆ ಸಿದ್ಧಪಡಿಸಿಟ್ಟುಕೊಳ್ಳಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಉದಾಹರಣೆಗಳಲ್ಲಿ ತಂಬಾಕು ಮತ್ತು ಮದ್ಯವೇ ಹೆಚ್ಚಾಗಿ ಬರುತ್ತವೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅವರಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು. ಹೊಗೆಸೊಪ್ಪು, ಕಡ್ಡಿಪುಡಿ, ಪಾನ್ ಮಸಾಲೆಗೆ ತಂಬಾಕಿನ ಪುಡಿ ಬೆರೆಸಿಕೊಳ್ಳುವ ರೂಢಿ, ಇವೆಲ್ಲವೂ ಆ ಲೆಕ್ಕದೊಳಗೆ ಸೇರುತ್ತವೆ. ಸಿಗರೇಟನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ತಯಾರಾದ ವಿದೇಶಿ ಆ್ಯಪ್‌ಗಳು ನಮ್ಮವರಿಗೆ ಅರ್ಧವೇ ಒದಗುವುದಕ್ಕೆ ಇದೂ ಒಂದು ಕಾರಣ.

ಆರಂಭಿಸುವ ಮುನ್ನ: ಸ್ವಸಹಾಯವೊಂದನ್ನೇ ನಂಬಬಾರದವರು

ಈ ಭಾಗವನ್ನು ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ. ಪ್ರತಿದಿನ ಹೆಚ್ಚು ಕುಡಿಯುವವರು, ಅದರಲ್ಲೂ ಬೆಳಗ್ಗೆ ಎದ್ದಾಗ ಕೈ ನಡುಗುವವರು ಮತ್ತು ಆ ನಡುಕವನ್ನು ನಿಲ್ಲಿಸಲು ಬೆಳಗ್ಗೆಯೇ ಒಂದಿಷ್ಟು ಕುಡಿಯಬೇಕಾಗುವವರು ವೈದ್ಯರ ನೆರವಿಲ್ಲದೆ ಏಕಾಏಕಿ ಕುಡಿತ ನಿಲ್ಲಿಸಬಾರದು. ಕೊನೆಯ ಸಲ ಕುಡಿದ ಮೇಲೆ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದು, ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದಂತೆ ಮಾತನಾಡುವುದು, ಮೈ ಬೆವರುವುದು, ಜ್ವರ ಏರುವುದು ಎಲ್ಲವೂ ಆಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣಕ್ಕೇ ಎರವಾಗಬಹುದು. ಹಿಂದೆ ಒಮ್ಮೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿದ್ದವರು ಮೊದಲು ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬೇಕು. ಅಲ್ಲಿ ಕೆಲವು ದಿನಗಳ ಔಷಧಿಯಿಂದ ಈ ಹಂತವನ್ನು ಸುರಕ್ಷಿತವಾಗಿ ದಾಟಿಸುತ್ತಾರೆ. ಆಮೇಲೆ ಈ ಸಾಧನಗಳು ಉಪಯೋಗಕ್ಕೆ ಬರುತ್ತವೆ.

ತಿಂಗಳುಗಟ್ಟಲೆ ನಿದ್ರೆ ಮಾತ್ರೆ ನುಂಗುತ್ತಿರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಯಾವ ಹಾಳೆಯನ್ನೂ ತುಂಬುತ್ತ ಕೂರದೆ, ಹಗಲಿರುಳೂ ಕನ್ನಡದಲ್ಲಿ ಉಚಿತವಾಗಿ ಮಾತನಾಡುವ ಟೆಲಿಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಈಗಲೇ ಕರೆ ಮಾಡಬೇಕು.

"ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ" ಎಂಬ ಜಾಹೀರಾತುಗಳು ಗೋಡೆಗಳಿಂದ ಇಳಿದು ಈಗ ಫೋನಿಗೂ ಬಂದಿವೆ. ಇಂಥ ಪುಡಿಗಳಲ್ಲಿ ಏನಿದೆಯೆಂದು ಕೊಳ್ಳುವವರಿಗೆ ತಿಳಿಯುವುದಿಲ್ಲ. ವೈದ್ಯರು ಬರೆದುಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇರುವವರ ಜೀವಕ್ಕೆ ಅಪಾಯವೂ ಆಗಬಹುದು. ಅದನ್ನು ರೋಗಿಯ ಒಪ್ಪಿಗೆಯಿಂದ, ವೈದ್ಯರ ಕಣ್ಗಾವಲಿನಲ್ಲಿಯೇ ಕೊಡಬೇಕೆಂಬ ನಿಯಮ ಇರುವುದು ಈ ಕಾರಣಕ್ಕೆ. ಸಾರಿನಲ್ಲಿ, ಕಾಫಿಯಲ್ಲಿ ಯಾವುದನ್ನೂ ಕದ್ದು ಬೆರೆಸಬೇಡಿ.

ಹಂತ 1: ಚಟದ ಆಳವನ್ನು ಅಳೆಯುವುದು

ಮದ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ "ಆಡಿಟ್" ಎಂಬ ಹತ್ತು ಪ್ರಶ್ನೆಗಳ ಪರೀಕ್ಷೆಯಿದೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಐದು ನಿಮಿಷದಲ್ಲಿ ಮುಗಿಯುತ್ತದೆ. ಒಟ್ಟು ಅಂಕ 0ರಿಂದ 40ರವರೆಗೆ ಇರುತ್ತದೆ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕುಡಿತ ಹಾನಿಯ ದಾರಿ ಹಿಡಿದಿದೆ ಎಂದರ್ಥ. 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅವಲಂಬನೆ ಬೆಳೆದಿರುವ ಸಾಧ್ಯತೆ ಇದೆ, ತಜ್ಞರನ್ನು ಕಾಣಲೇಬೇಕು.

ಈ ಪರೀಕ್ಷೆಯಲ್ಲಿ ಬಹುತೇಕರು ಎಡವುವುದು ಎರಡನೆಯ ಪ್ರಶ್ನೆಯಲ್ಲಿ. ಕುಡಿಯುವ ದಿನ ಎಷ್ಟು "ಡ್ರಿಂಕ್" ಎಂದು ಅದು ಕೇಳುತ್ತದೆ. "ಒಂದೇ ಕ್ವಾರ್ಟರ್, ಹಾಗಾಗಿ ಒಂದು" ಎಂದು ಬರೆದವರ ಲೆಕ್ಕ ಪೂರ್ತಿ ತಪ್ಪುತ್ತದೆ. ಇಲ್ಲಿ ಒಂದು ಡ್ರಿಂಕ್ ಎಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್ ಇರುವುದರಿಂದ 30 ಮಿಲಿಯ ಸಣ್ಣ ಪೆಗ್ ಒಂದು ಡ್ರಿಂಕ್ ಆಗುತ್ತದೆ. ಹಾಗೆ ನೋಡಿದರೆ "ನೈಂಟಿ" ಎಂದು ಕರೆಯುವ 90 ಮಿಲಿಯ ಪೊಟ್ಟಣದಲ್ಲಿ ಮೂರು, 180 ಮಿಲಿಯ ಕ್ವಾರ್ಟರ್‌ನಲ್ಲಿ ಆರು ಡ್ರಿಂಕ್ ಇರುತ್ತವೆ. 650 ಮಿಲಿಯ ಬಿಯರ್ ಬಾಟಲಿ ಶೇ. 5ರದಾದರೆ ಎರಡೂವರೆ, ಶೇ. 8ರ ಸ್ಟ್ರಾಂಗ್ ಬಿಯರ್ ಆದರೆ ಸುಮಾರು ನಾಲ್ಕು. "ನಾನು ಹಾಟ್ ಕುಡಿಯುವುದಿಲ್ಲ, ಬರೀ ಬಿಯರ್" ಎನ್ನುವವರು ಎರಡು ಸ್ಟ್ರಾಂಗ್ ಬಾಟಲಿ ಮುಗಿಸಿದರೆ ಒಂದು ಕ್ವಾರ್ಟರ್ ಕುಡಿದವರಿಗಿಂತ ಮುಂದೆ ಹೋಗಿರುತ್ತಾರೆ. ಈ ಲೆಕ್ಕ ಮಾಡಿಕೊಂಡೇ ಉತ್ತರ ಬರೆಯಬೇಕು.

ಸಿಗರೇಟಿಗೆ ಫಾಗರ್‌ಸ್ಟ್ರಾಮ್ ಪರೀಕ್ಷೆ ಇದೆ: ಆರು ಪ್ರಶ್ನೆ, 0ರಿಂದ 10 ಅಂಕ. ಅದರ ಮುಖ್ಯ ಪ್ರಶ್ನೆ, ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ ಎಂಬುದು. ಐದು ನಿಮಿಷದೊಳಗೆ ಎಂದರೆ 3 ಅಂಕ, ಒಂದು ಗಂಟೆಯ ನಂತರ ಎಂದರೆ 0. ದಿನಕ್ಕೆ ಎಷ್ಟು ಎಂಬುದಕ್ಕಿಂತ ಈ ಉತ್ತರವೇ ತಂಬಾಕಿನಲ್ಲಿ ಚಟ ಹಿಡಿಸುವ ವಸ್ತುವಾದ ನಿಕೋಟಿನ್‌ನ ಹಿಡಿತವನ್ನು ಹೆಚ್ಚು ಸರಿಯಾಗಿ ಹೇಳುತ್ತದೆ. ಜಗಿಯುವ ತಂಬಾಕಿಗೆಂದೇ ಮಾರ್ಪಡಿಸಿದ ಪ್ರಶ್ನಾವಳಿಯೂ ಇದೆ. ಬಂದ ಅಂಕವನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ, ಸಹಾಯವಾಣಿಗೆ ಕರೆ ಮಾಡುವಾಗ ಬೇಕಾಗುತ್ತದೆ.

ಹಂತ 2: ಲಾಭ ನಷ್ಟದ ಹಾಳೆ

ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಸ್ಮಾರ್ಟ್ ರಿಕವರಿ ಎಂಬ ಸ್ವಸಹಾಯ ಸಂಘಟನೆ ತನ್ನ ಹಾಳೆಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಅವುಗಳಲ್ಲಿ ಮೊದಲು ತುಂಬಬೇಕಾದದ್ದು ಲಾಭ ನಷ್ಟದ ವಿಶ್ಲೇಷಣೆ. ಒಂದು ಹಾಳೆಯನ್ನು ನಾಲ್ಕು ಚೌಕಗಳಾಗಿ ಮಾಡಿ: ಚಟದಿಂದ ಸಿಗುವ ಲಾಭ, ಅದರ ನಷ್ಟ, ಬಿಟ್ಟರೆ ಸಿಗುವ ಲಾಭ, ಬಿಡುವುದರ ನಷ್ಟ. ಪ್ರತಿ ಸಾಲಿನ ಮುಂದೆ ಅದು ತಾತ್ಕಾಲಿಕವೋ ದೀರ್ಘಕಾಲದ್ದೋ ಎಂದು ಗುರುತಿಸಿ.

ಮೊದಲನೆಯ ಮತ್ತು ನಾಲ್ಕನೆಯ ಚೌಕಗಳನ್ನು ಖಾಲಿ ಬಿಡುವವರೇ ಹೆಚ್ಚು. "ಚಟದಿಂದ ಲಾಭವೇನು ಬಂತು, ಹಾಳಾದದ್ದೇ ಬಂತು" ಎಂದು ಬರೆಯುವುದು ಸುಲಭ, ಆದರೆ ಅದು ನಿಜವಲ್ಲ. ರಾತ್ರಿ ಪಾಳಿಯಲ್ಲಿ ಬೀಡಿ ನಿದ್ದೆ ತಡೆಯುತ್ತದೆ, ಸೇದುವ ನೆಪದಲ್ಲಿ ಹತ್ತು ನಿಮಿಷ ಬಿಡುವು ಸಿಗುತ್ತದೆ, ಕುಡಿದಾಗ ಸ್ನೇಹಿತರ ನಡುವೆ ಸಂಕೋಚ ಹೋಗುತ್ತದೆ. ಇವನ್ನು ಪ್ರಾಮಾಣಿಕವಾಗಿ ಬರೆದರೆ, ಬಿಟ್ಟ ಮೇಲೆ ಬದುಕಿನಲ್ಲಿ ಯಾವ ಜಾಗ ಖಾಲಿಯಾಗುತ್ತದೆ, ಅಲ್ಲಿ ಬೇರೇನನ್ನು ಇಡಬೇಕು ಎಂಬುದು ಸ್ಪಷ್ಟವಾಗುತ್ತದೆ. ಹಾಳೆ ತುಂಬಿದಾಗ ಲಾಭಗಳಲ್ಲಿ ಹೆಚ್ಚಿನವು ತಾತ್ಕಾಲಿಕ, ನಷ್ಟಗಳಲ್ಲಿ ಹೆಚ್ಚಿನವು ದೀರ್ಘಕಾಲದವು ಎಂಬುದು ತಾನಾಗಿ ಕಣ್ಣಿಗೆ ಬೀಳುತ್ತದೆ. ಯಾರೂ ಉಪದೇಶ ಮಾಡಬೇಕಾಗುವುದಿಲ್ಲ.

ಹಣದ ಲೆಕ್ಕವನ್ನು ಅಂಕಿಗಳಲ್ಲೇ ಬರೆಯಿರಿ. ದಿನಕ್ಕೆ ₹150 ಎಂದರೆ ತಿಂಗಳಿಗೆ ₹4,500, ವರ್ಷಕ್ಕೆ ₹54,750. ಆ ಮೊತ್ತದ ಎದುರು ಮನೆಯಲ್ಲಿ ಬಾಕಿ ಇರುವ ಒಂದು ಕೆಲಸದ ಹೆಸರು ಬರೆಯಿರಿ: ಮಗಳ ಕಾಲೇಜು ಶುಲ್ಕ, ಸೋರುವ ಚಾವಣಿ, ಅಡವಿಟ್ಟ ಒಡವೆ. ತುಂಬಿದ ಹಾಳೆಯ ಫೋಟೊ ತೆಗೆದು ಫೋನಿನಲ್ಲಿ ಒಂದೇ ಒತ್ತಿಗೆ ಸಿಗುವ ಕಡೆ ಇಟ್ಟುಕೊಳ್ಳಿ.

ಹಂತ 3: ಬಿಡುವ ಮುನ್ನ ಒಂದು ವಾರ ಸೆಳೆತದ ದಿನಚರಿ

ಈ ಹಂತವನ್ನು ಹಾರಿಸುವವರು ಬಹಳ, ಆದರೆ ಇಡೀ ಕೆಲಸಕ್ಕೆ ಅಡಿಪಾಯವೇ ಇದು. ಒಂದು ವಾರ, ಏನನ್ನೂ ಬಿಡುವ ಒತ್ತಾಯವಿಲ್ಲದೆ, ಸೆಳೆತ ಬಂದಾಗಲೆಲ್ಲ ಒಂದು ಸಾಲು ಬರೆಯಬೇಕು. ಸಮಯ, ಸೆಳೆತದ ಬಲ (0ರಿಂದ 10), ಎಲ್ಲಿದ್ದಿರಿ, ಯಾರ ಜೊತೆ, ಅದಕ್ಕೆ ಮುಂಚಿನ ಗಳಿಗೆಯಲ್ಲಿ ಏನಾಯಿತು, ಏನು ಮಾಡಿದಿರಿ, ಎಷ್ಟು ಹೊತ್ತಿಗೆ ಇಳಿಯಿತು ಎಂಬಿಷ್ಟೇ ಸಾಕು. ಅದಕ್ಕೆಂದೇ ಆ್ಯಪ್‌ಗಳಿವೆ. ಫೋನಿನ ನೋಟ್ಸ್ ಅಥವಾ ಜೇಬಿನ ಸಣ್ಣ ಪುಸ್ತಕವೂ ಆದೀತು. ಬರೆಯಲು ಬೇಸರವಾದರೆ ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಧ್ವನಿ ಸಂದೇಶ ಕಳಿಸಿಕೊಂಡು ರಾತ್ರಿ ಕೂತು ಕೇಳಬಹುದು.

ಲಾರಿ ಚಾಲಕರೊಬ್ಬರ ಒಂದು ದಿನದ ದಾಖಲೆ ಹೀಗಿರಬಹುದು ಎಂದು ಊಹಿಸಿಕೊಳ್ಳಿ. "ಬೆಳಗ್ಗೆ 6.10, ಬಲ 8, ಟೀ ಅಂಗಡಿ, ಕ್ಲೀನರ್ ಜೊತೆ, ಟೀ ಕೈಗೆ ಬಂದ ಕೂಡಲೇ, ಸೇದಿದೆ. 11.30, ಬಲ 4, ಸ್ಟೇರಿಂಗ್ ಮುಂದೆ, ಒಬ್ಬನೇ; ಫೋನ್ ಬಂತು, ಮರೆತುಹೋಯಿತು. ಮಧ್ಯಾಹ್ನ 2.00, ಬಲ 7, ಢಾಬಾ, ಊಟ ಮುಗಿದ ತಕ್ಷಣ, ಸೇದಿದೆ. ಸಂಜೆ 5.40, ಬಲ 9, ಲೋಡ್ ಇಳಿಸುವ ಕಡೆ ಎರಡು ಗಂಟೆ ಕಾಯಿಸಿದರು, ಸಿಟ್ಟು, ಮೂರು ಸೇದಿದೆ." ಈ ನಾಲ್ಕು ಸಾಲುಗಳಲ್ಲಿ ಇಡೀ ಯೋಜನೆಗೆ ಬೇಕಾದದ್ದು ಸಿಕ್ಕಿಬಿಡುತ್ತದೆ. ಇವರ ಸೆಳೆತಕ್ಕೆ ಕಿಡಿ ಹಚ್ಚುವವು ಟೀ, ಊಟದ ಕೊನೆ ಮತ್ತು ಕಾಯಿಸಿದಾಗ ಬರುವ ಸಿಟ್ಟು. ಸ್ಟೇರಿಂಗ್ ಮುಂದಿನ ಒಂಟಿತನ ಅಷ್ಟೊಂದು ಕಾಡುವುದಿಲ್ಲ. ಹನ್ನೊಂದೂವರೆಯ ಸಾಲಂತೂ ಇನ್ನೂ ಮುಖ್ಯ, ಏಕೆಂದರೆ ಸೇದದಿದ್ದರೂ ಸೆಳೆತ ಇಳಿಯುತ್ತದೆ ಎಂಬುದಕ್ಕೆ ಅವರದೇ ಕೈಬರಹದ ಸಾಕ್ಷಿ ಅದು.

ಹಂತ 4: ಸೆಳೆತ ಎದ್ದ ಆ ಹತ್ತು ನಿಮಿಷ

ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಅವರು ಸೆಳೆತವನ್ನು ಸಮುದ್ರದ ಅಲೆಗೆ ಹೋಲಿಸಿದರು. ಅಲೆ ಏಳುತ್ತದೆ, ತುತ್ತತುದಿ ಮುಟ್ಟುತ್ತದೆ, ಒಡೆದು ಇಳಿಯುತ್ತದೆ. ಅದರೊಂದಿಗೆ ಗುದ್ದಾಡದೆ, ಅದಕ್ಕೆ ಮಣಿಯದೆ, ಅದು ಇಳಿಯುವವರೆಗೆ ಅದನ್ನು ಗಮನಿಸುತ್ತ ಮೇಲೆ ತೇಲುವುದೇ ಅವರು ಕಲಿಸಿದ ವಿಧಾನ. ಇದಕ್ಕೆ ಮಾರ್ಗದರ್ಶನ ನೀಡುವ ಧ್ವನಿಮುದ್ರಿಕೆಗಳು ಅಂತರ್ಜಾಲದಲ್ಲಿ ಬಹಳಷ್ಟಿದ್ದರೂ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಆದ್ದರಿಂದ ಈ ಕೆಳಗಿನದನ್ನು ನಿಮ್ಮ ಧ್ವನಿಯಲ್ಲೋ ನಿಮ್ಮವರೊಬ್ಬರ ಧ್ವನಿಯಲ್ಲೋ ನಿಧಾನವಾಗಿ ಓದಿ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ.

"ಕಾಲನ್ನು ನೆಲಕ್ಕೆ ಊರಿ ಕುಳಿತುಕೋ. ಸೆಳೆತ ಮೈಯಲ್ಲಿ ಎಲ್ಲಿದೆ ನೋಡು. ಬಾಯಲ್ಲಿ ನೀರೂರುತ್ತಿದೆಯೇ? ಗಂಟಲು ಬಿಗಿದಿದೆಯೇ? ಎದೆ ಹೊಡೆದುಕೊಳ್ಳುತ್ತಿದೆಯೇ? ಬೆರಳುಗಳು ಏನನ್ನೋ ಹುಡುಕುತ್ತಿವೆಯೇ? ಒಂದು ಜಾಗ ಆರಿಸಿಕೊ. ಅಲ್ಲಿ ಬಿಸಿಯೋ ಬಿಗಿತವೋ ಜುಮುಜುಮು ಎನ್ನುವುದೋ, ಸರಿಯಾಗಿ ಗಮನಿಸು. ಉಸಿರನ್ನು ನಿಧಾನವಾಗಿ ಒಳಗೆ ತೆಗೆದುಕೊ, ಅದಕ್ಕಿಂತ ನಿಧಾನವಾಗಿ ಹೊರಗೆ ಬಿಡು. ಬಿಗಿತ ಹೆಚ್ಚಾದರೆ ಹೆಚ್ಚಾಗಲಿ. ಅದನ್ನು ಓಡಿಸಬೇಡ. ಈಗ ಮತ್ತೆ ನೋಡು, ಮೊದಲಿನಷ್ಟೇ ಇದೆಯೇ, ಜಾಗ ಬದಲಾಯಿಸಿದೆಯೇ?" ಪ್ರತಿ ಪ್ರಶ್ನೆಯ ನಂತರ ಮೂರು ನಾಲ್ಕು ಉಸಿರಿನಷ್ಟು ಮೌನ ಬಿಡಿ. ಸೆಳೆತವಿಲ್ಲದ ಹೊತ್ತಿನಲ್ಲಿ ಎರಡು ಮೂರು ಸಲ ಇದನ್ನು ಕೇಳುತ್ತ ಅಭ್ಯಾಸ ಮಾಡಿ. ಮೊದಲ ಸಲವೇ ಬಲ 9ರ ಸೆಳೆತದ ಮುಂದೆ ಪ್ರಯೋಗಿಸಿದರೆ ನಿರಾಸೆ ಖಂಡಿತ. ಬಲ 3, 4ರ ಸೆಳೆತದಿಂದ ಆರಂಭಿಸಬೇಕು.

ಕೂತು ಉಸಿರು ನೋಡುವುದು ಎಲ್ಲರಿಗೂ ಒಗ್ಗುವುದಿಲ್ಲ. ಅಂಥವರಿಗೆ ಸರಳ ಉಪಾಯವಿದೆ: ಫೋನಿನಲ್ಲಿ ಹತ್ತು ನಿಮಿಷದ ಟೈಮರ್ ಇಟ್ಟು, "ಬೇಡ" ಎನ್ನದೆ "ಹತ್ತು ನಿಮಿಷ ಆಮೇಲೆ ನೋಡೋಣ" ಎಂದುಕೊಂಡು ಜಾಗ ಬದಲಿಸುವುದು. ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ, ಮುಖ ತೊಳೆಯಿರಿ, ಬೀದಿಯ ಕೊನೆಯವರೆಗೆ ನಡೆದು ಬನ್ನಿ, ಯಾರಿಗಾದರೂ ಫೋನ್ ಮಾಡಿ. ಜಗಿಯುವ ಅಭ್ಯಾಸ ಇದ್ದವರ ಬಾಯಿಗೆ ಲವಂಗ, ಏಲಕ್ಕಿ, ಸೋಂಪು, ಒಣ ನೆಲ್ಲಿಕಾಯಿ ಒದಗುತ್ತವೆ. ತಂಬಾಕಿನ ಬದಲಿಗೆ ಅಡಿಕೆ ಅಥವಾ ತಂಬಾಕಿಲ್ಲದ ಪಾನ್ ಮಸಾಲೆಗೆ ಮಾತ್ರ ಹೋಗಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯನ್ನೇ ನಂಬಿ ಬದುಕುವ ಮಲೆನಾಡಿನ ಮನೆಗಳಲ್ಲಿ ಇದು ಕಹಿಯಾಗಿ ಕೇಳಬಹುದೆಂದು ಬಲ್ಲೆ. ಆದರೆ ಚಟ ಬಿಡಲು ಹೊರಟವರಿಂದ ಇದನ್ನು ಮುಚ್ಚಿಡುವಂತಿಲ್ಲ.

ತಂಬಾಕು ಬಿಡುವಾಗಿನ ಸೆಳೆತ ತಗ್ಗಿಸಲು ನಿಕೋಟಿನ್ ಗಮ್ ಬಳಸುವವರು ಅದನ್ನು ಚೂಯಿಂಗ್ ಗಮ್‌ನಂತೆ ಅಗಿಯುತ್ತ ಹೋಗಬಾರದು. ಖಾರ ಅಥವಾ ಚುರುಗುಟ್ಟುವಿಕೆ ಬರುವವರೆಗೆ ನಿಧಾನವಾಗಿ ಅಗಿದು, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟು, ಚುರುಗುಟ್ಟುವುದು ಕಡಿಮೆಯಾದಾಗ ಮತ್ತೆ ಅಗಿಯಬೇಕು. ಹೀಗೆ ಸುಮಾರು ಅರ್ಧ ಗಂಟೆ. ಗಮ್ ಬಾಯಿಗಿಡುವ 15 ನಿಮಿಷ ಮುಂಚಿನಿಂದ ಕಾಫಿ ಅಥವಾ ಹುಳಿ ಪಾನೀಯ ಕುಡಿಯಬಾರದು, ಏಕೆಂದರೆ ಬಾಯಿ ಆಮ್ಲೀಯವಾದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. 2 ಮಿ.ಗ್ರಾಂ ಮತ್ತು 4 ಮಿ.ಗ್ರಾಂ ಎಂಬ ಎರಡು ಪ್ರಮಾಣಗಳಿವೆ. ಎದ್ದ ಅರ್ಧ ಗಂಟೆಯೊಳಗೆ ತಂಬಾಕು ಬೇಕೆನಿಸುವವರಿಗೆ ಸಾಮಾನ್ಯವಾಗಿ ಹೆಚ್ಚಿನದನ್ನು ಸೂಚಿಸುತ್ತಾರೆ. ವೈದ್ಯರನ್ನು ಕೇಳಿ ಆರಿಸಿ. ಗುಟ್ಕಾ ಜಗಿದು ಬಾಯಿ ಪೂರ್ತಿ ತೆರೆಯಲು ಕಷ್ಟವಾಗುತ್ತಿರುವವರು ಗಮ್‌ಗಿಂತ ಮೊದಲು ದಂತವೈದ್ಯರಿಗೆ ತೋರಿಸಿಕೊಳ್ಳಬೇಕು.

ನಿಕೋಟಿನ್ ಬಿಟ್ಟ ಮೇಲಿನ ಸಿಡಿಮಿಡಿ, ನಿದ್ದೆಗೇಡು, ಹಸಿವು ಮೊದಲ ಎರಡು ಮೂರು ದಿನ ತೀವ್ರವಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಕ್ಯಾಲೆಂಡರ್‌ನಲ್ಲಿ ಆ ಮೂರು ದಿನಗಳನ್ನು ಗುರುತು ಮಾಡಿ, ಅವತ್ತು ಮದುವೆ, ಪ್ರಯಾಣ, ಲೆಕ್ಕಪತ್ರದ ಗಡಿಬಿಡಿ ಇಲ್ಲದಂತೆ ನೋಡಿಕೊಳ್ಳಿ.

ಹಂತ 5: ಮನಸ್ಸು ಹೂಡುವ ವಾದಕ್ಕೆ ಉತ್ತರ

ಮೈಯ ಸೆಳೆತ ಇಳಿದ ಮೇಲೂ ಮನಸ್ಸು ವಾದ ಮಾಡುತ್ತಿರುತ್ತದೆ. "ಇವತ್ತು ಒಂದು ದಿನ", "ಇಷ್ಟು ಕಷ್ಟಪಟ್ಟಿದ್ದೀಯ, ಒಂದಾದರೂ ಬೇಡವೇ", "ಅವರೆಲ್ಲ ಏನಂದುಕೊಂಡಾರು". ಸ್ಮಾರ್ಟ್ ರಿಕವರಿಯ ಒಂದು ಸಾಧನ ಈ ಧ್ವನಿಗೆ ಒಂದು ಹೆಸರು ಕೊಡಲು ಹೇಳುತ್ತದೆ. ದಲ್ಲಾಳಿ ಎನ್ನಿ. ದಲ್ಲಾಳಿಯ ಮಾತುಗಳನ್ನು ಒಂದು ಕಡೆ, ಅದಕ್ಕೆ ನಿಮ್ಮ ಉತ್ತರವನ್ನು ಇನ್ನೊಂದು ಕಡೆ ಬರೆಯಿರಿ. ಉತ್ತರ ಚಿಕ್ಕದಾಗಿರಲಿ, ನೀವು ಮನೆಯಲ್ಲಿ ಆಡುವ ಮಾತಿನಲ್ಲೇ ಇರಲಿ. "ಒಂದರಲ್ಲಿ ನಾನು ಯಾವತ್ತೂ ನಿಲ್ಲಿಸಿಲ್ಲ" ಎಂಬ ಒಂದೇ ಸಾಲು ಬಹಳ ಜನರಿಗೆ ಸಾಕಾಗುತ್ತದೆ.

ಇನ್ನೊಂದು ಸಾಧನ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ ಅವರ ಎಬಿಸಿ. ಎ ಎಂದರೆ ನಡೆದ ಸಂಗತಿ, ಬಿ ಎಂದರೆ ಅದರ ಬಗ್ಗೆ ಮನಸ್ಸು ಹೇಳಿದ ಮಾತು, ಸಿ ಎಂದರೆ ಅದರ ಪರಿಣಾಮ. "ಮೇಲಧಿಕಾರಿ ಎಲ್ಲರ ಮುಂದೆ ಬೈದರು, ಅದಕ್ಕೇ ಕುಡಿದೆ" ಎನ್ನುವಾಗ ನಾವು ಎಯಿಂದ ನೇರವಾಗಿ ಸಿಗೆ ಹಾರುತ್ತೇವೆ. ನಡುವೆ "ಈ ಅವಮಾನವನ್ನು ಕುಡಿಯದೆ ಸಹಿಸಲು ನನ್ನಿಂದಾಗದು" ಎಂಬ ನಂಬಿಕೆ ಅಡಗಿರುತ್ತದೆ. ಅದನ್ನು ಬರೆದು ಪ್ರಶ್ನಿಸಬೇಕು: ನಿಜವಾಗಿಯೂ ಆಗದೇ? ಹಿಂದೆ ಅವಮಾನವಾದ ಎಲ್ಲ ದಿನವೂ ಕುಡಿದಿದ್ದೇನೆಯೇ? ಕುಡಿದ ಮೇಲೆ ಅವಮಾನ ಹೋಯಿತೇ, ಮರುದಿನ ಅದಕ್ಕೆ ಇನ್ನೊಂದು ಸೇರಿತೇ? ಮನಸ್ಸಿನ ಭಾರಕ್ಕಾಗಿ ಚಟ ಹಿಡಿದವರಿಗೆ ಈ ಹಾಳೆ ಬಹಳ ಉಪಕಾರಿ. ಬರೀ ರೂಢಿಯಿಂದ, ಟೀ ಜೊತೆಗೆಂದು ಸೇದುವವರಿಗೆ ಇದರ ಅಗತ್ಯ ಅಷ್ಟಿಲ್ಲ. ಅವರು ನೇರವಾಗಿ ಮುಂದಿನ ಹಂತಕ್ಕೆ ಹೋಗಬಹುದು.

ಹಂತ 6: ಹೀಗಾದರೆ ಹೀಗೆ

ದಿನಚರಿಯಲ್ಲಿ ಹೆಚ್ಚು ಬಲದ ಮೂರು ಸಂದರ್ಭಗಳನ್ನು ಆರಿಸಿ, ಪ್ರತಿಯೊಂದಕ್ಕೂ ಒಂದು ವಾಕ್ಯ ಬರೆಯಿರಿ. "ಊಟ ಮುಗಿದ ಕೂಡಲೇ ಎದ್ದು ಬಾಯಿ ಮುಕ್ಕಳಿಸಿ ಏಲಕ್ಕಿ ಹಾಕಿಕೊಳ್ಳುತ್ತೇನೆ." "ಬೆಳಗ್ಗೆ ಟೀ ಅಂಗಡಿಯ ಬದಲು ಮನೆಯಲ್ಲೇ ಕುಡಿದು ಹೊರಡುತ್ತೇನೆ." "ಲೋಡ್ ಇಳಿಸಲು ಕಾಯಿಸಿದರೆ ಗಾಡಿಯಿಂದ ಇಳಿದು ಮನೆಗೆ ಫೋನ್ ಮಾಡುತ್ತೇನೆ." ಯಾವಾಗ, ಎಲ್ಲಿ, ಏನು ಎಂಬ ಮೂರೂ ಇಲ್ಲದ ವಾಕ್ಯ ಕೆಲಸಕ್ಕೆ ಬಾರದು. "ಸೆಳೆತ ಬಂದರೆ ಗಟ್ಟಿ ಮನಸ್ಸು ಮಾಡುತ್ತೇನೆ" ಎಂಬುದು ಯೋಜನೆಯೇ ಅಲ್ಲ.

ಹಬ್ಬದ ದಿನ ಅಥವಾ ಮದುವೆಯ ಹಿಂದಿನ ರಾತ್ರಿಯ ಕೂಟಕ್ಕೆ ಮುಂಚಿತವಾಗಿ ಬಾಯಿಪಾಠದ ಉತ್ತರ ಬೇಕು. "ಡಾಕ್ಟರ್ ಬೇಡ ಅಂದಿದ್ದಾರೆ, ಮಾತ್ರೆ ನಡೀತಿದೆ" ಎಂದರೆ ನಮ್ಮಲ್ಲಿ ಯಾರೂ ಮುಂದೆ ಒತ್ತಾಯ ಮಾಡುವುದಿಲ್ಲ.

ಫೋನೇ ಚಟವಾಗಿರುವವರ ದಾರಿ ಸ್ವಲ್ಪ ಬೇರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಆದರೂ ಬೆಟ್ಟಿಂಗ್ ಕೊಂಡಿಗಳು ಫೋನಿಗೆ ಬರುವುದು ನಿಂತಿಲ್ಲ. ಯುಪಿಐ ಜೋಡಿಸಿರುವ ಖಾತೆಯಲ್ಲಿ ವಾರದ ಖರ್ಚಿನಷ್ಟೇ ಹಣ ಇಟ್ಟು ಉಳಿದದ್ದನ್ನು ಯುಪಿಐ ಇಲ್ಲದ ಖಾತೆಗೆ ಹಾಕಿ. ಆ್ಯಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್ ಅಥವಾ ಐಫೋನಿನ ಸ್ಕ್ರೀನ್ ಟೈಮ್‌ನಲ್ಲಿ ಮಿತಿ ಹಾಕಿ. ಐಫೋನಿನಲ್ಲಾದರೆ ಅದರ ಪಾಸ್‌ಕೋಡನ್ನು ಮನೆಯವರ ಕೈಯಲ್ಲಿ ಇಡಿಸಬಹುದು. ಪರದೆಯನ್ನು ಕಪ್ಪುಬಿಳುಪು ಮಾಡಿ. ರಾತ್ರಿ ಫೋನನ್ನು ಮಲಗುವ ಕೋಣೆಯ ಹೊರಗೆ ಚಾರ್ಜ್‌ಗೆ ಹಾಕಿ, ಎಬ್ಬಿಸಲು ಗಡಿಯಾರ ಇಡಿ. ಇವರ ದಿನಚರಿ ಮತ್ತು ಹಾಳೆಗಳು ಕಾಗದದಲ್ಲೇ ಇರಬೇಕು, ಸೆಳೆತ ಬಂದಾಗ ಪರಿಹಾರಕ್ಕೆಂದು ಫೋನ್ ತೆರೆದರೆ ಚಟದ ಬಾಗಿಲನ್ನೇ ತೆರೆದಂತಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ "ಶಟ್" ಕ್ಲಿನಿಕ್ ನಡೆಯುತ್ತಿದೆ.

ಹಂತ 7: ಹಾಳೆಗಳಾಚೆಗೆ ಒಂದು ಮನುಷ್ಯಧ್ವನಿ

ಸ್ವಸಹಾಯ ಎಂದರೆ ಒಬ್ಬರೇ ಮಾಡಬೇಕೆಂದಲ್ಲ. ತಂಬಾಕಿಗೆ ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356 ಇದೆ. 2018ರಿಂದ ತಂಬಾಕಿನ ಪೊಟ್ಟಣಗಳ ಮೇಲೆ ಅಚ್ಚಾಗುತ್ತಿರುವ ಸಂಖ್ಯೆ ಇದೇ. ದಕ್ಷಿಣದ ಭಾಷೆಗಳ ಕರೆಗಳನ್ನು ನಿಮ್ಹಾನ್ಸ್ ಕೇಂದ್ರ ನೋಡಿಕೊಳ್ಳುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಆಪ್ತಸಮಾಲೋಚಕರು ನಿಮ್ಮ ಜೊತೆ ಕೂಡಿ ಬಿಡುವ ದಿನಾಂಕ ಗೊತ್ತುಮಾಡಿ, ಆಮೇಲೆ ತಾವೇ ಕರೆ ಮಾಡಿ ವಿಚಾರಿಸುತ್ತಾರೆ. 011-22901701ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ 2016ರಲ್ಲಿ ಸರ್ಕಾರ ಆರಂಭಿಸಿದ ಎಂಸೆಸೇಷನ್ ಯೋಜನೆಯಡಿ ತಂಬಾಕು ಬಿಡಲು ನೆರವಾಗುವ ಸಂದೇಶಗಳು ಫೋನಿಗೆ ಬರುತ್ತವೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಇದು ಅನುಕೂಲ. ಮದ್ಯ ಮತ್ತು ಮಾದಕವಸ್ತುಗಳಿಗೆ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ಯಾವುದೇ ತೊಂದರೆಗೆ ಟೆಲಿಮಾನಸ್ 14416. ಈ ಸಂಖ್ಯೆಗಳನ್ನು ಫೋನಿನಲ್ಲಿ ಉಳಿಸಿಕೊಳ್ಳುವಾಗ ಹೆಸರಿನ ಮುಂದೆ ಎರಡು "ಅ" (ಪಟ್ಟಿಯ ಹೆಸರುಗಳು ಇಂಗ್ಲಿಷಿನಲ್ಲಿದ್ದರೆ ಎರಡು "A") ಸೇರಿಸಿದರೆ ಪಟ್ಟಿಯ ಮೇಲ್ಭಾಗದಲ್ಲಿ ಸಿಗುತ್ತವೆ. ಮೊದಲ ಕರೆಯನ್ನು ಸೆಳೆತವಿಲ್ಲದ ದಿನವೇ ಮಾಡಿಬಿಡಿ, ಆಗ ಎರಡನೆಯ ಕರೆಗೆ ಸಂಕೋಚವಿರುವುದಿಲ್ಲ.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಬಳಗವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಸಭೆಗಳು ಕರ್ನಾಟಕದಲ್ಲಿ ಕನ್ನಡದಲ್ಲೂ ನಡೆಯುತ್ತವೆ, ಆನ್‌ಲೈನ್ ಸಭೆಗಳೂ ಇವೆ. ಕ್ಯಾಮೆರಾ ಮುಚ್ಚಿ, ಮೊದಲ ಹೆಸರನ್ನಷ್ಟೇ ಹೇಳಿ ಕುಳಿತು ಕೇಳಬಹುದು. ಇಲ್ಲಿನ ಸಹಾಯವಾಣಿಗಳು ತಲುಪದ ಹೊರದೇಶದ ಕನ್ನಡಿಗರಿಗೆ ಇಂಥ ಸಭೆಗಳೂ ಸ್ಮಾರ್ಟ್ ರಿಕವರಿಯ ಸಭೆಗಳೂ ಸುಲಭದ ದಾರಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಿಂದ ಹೊರಬಂದವರು ತಮ್ಮೂರಿನ ನವಜೀವನ ಸಮಿತಿಯ ಸಭೆಗಳನ್ನು ಬಿಡದೆ, ಅದರ ಜೊತೆಗೆ ಈ ದಿನಚರಿ ಮತ್ತು ಹಾಳೆಗಳನ್ನು ಇಟ್ಟುಕೊಳ್ಳಬಹುದು. ಒಂದು ಮತ್ತೊಂದಕ್ಕೆ ಅಡ್ಡಿಯಲ್ಲ.

ಆ್ಯಪ್ ಆರಿಸುವಾಗ

ಒಂದೇ ಆ್ಯಪ್ ಸಾಕು. ಸೆಳೆತವನ್ನು ದಾಖಲಿಸಲು ಅದು ಮೂರು ಒತ್ತಿಗಿಂತ ಹೆಚ್ಚು ಕೇಳಬಾರದು, ಇಂಟರ್‌ನೆಟ್ ಇಲ್ಲದಾಗಲೂ ನಡೆಯಬೇಕು. ಸಂಪರ್ಕ ಪಟ್ಟಿ, ಸ್ಥಳ, ಗ್ಯಾಲರಿ ಬೇಕೆಂದು ಕೇಳಿದರೆ ಕೊಡಬೇಡಿ. ಕೊಡದಿದ್ದರೆ ನಡೆಯುವುದಿಲ್ಲ ಎಂದರೆ ಅಳಿಸಿ. ಈ ಎಚ್ಚರಕ್ಕೆ ಕಾರಣವಿದೆ. ಮಾನ್ಯುಮೆಂಟ್ ಎಂಬ ಆನ್‌ಲೈನ್ ಮದ್ಯವ್ಯಸನ ಚಿಕಿತ್ಸಾ ಸಂಸ್ಥೆ ಬಳಕೆದಾರರ ಆರೋಗ್ಯ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಜಾಹೀರಾತು ಕಂಪನಿಗಳೊಂದಿಗೆ ಹಂಚಿಕೊಂಡಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅದರ ಮೇಲೆ ಕ್ರಮ ಕೈಗೊಂಡಿತು. ನಿಜವಾದ ಹೆಸರು ಮತ್ತು ಕಚೇರಿಯ ಇಮೇಲ್ ಕೊಡಬೇಡಿ.

ದಿನಗಳನ್ನು ಎಣಿಸುವ ಆ್ಯಪ್‌ಗಳ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ಏರುವ ಸಂಖ್ಯೆ ಮೊದಲ ತಿಂಗಳು ಹುರುಪು ತರುತ್ತದೆ, ನಿಜ. ಆದರೆ ಒಂದು ಸಲ ಜಾರಿದ ಕೂಡಲೇ ಅದು 47ರಿಂದ 0ಗೆ ಇಳಿದಾಗ, ಆ 47 ದಿನಗಳೂ ವ್ಯರ್ಥವಾದವೆಂಬ ಭಾವನೆ ಬಂದು ಕೆಲವರು ಮತ್ತೆ ಪೂರ್ತಿ ಮುಳುಗುತ್ತಾರೆ. ಸತತ ದಿನಗಳ ಬದಲು ಒಟ್ಟು ದಿನಗಳನ್ನು ತೋರಿಸುವ ಆಯ್ಕೆಯಿದ್ದರೆ ಅದನ್ನೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಬಿಟ್ಟ ದಿನಗಳಿಗೆಲ್ಲ ಗುರುತು ಹಾಕಿ. ಒಂದು ಖಾಲಿ ಮನೆ ಉಳಿದ ಗುರುತುಗಳನ್ನು ಅಳಿಸುವುದಿಲ್ಲ.

ಜಾರಿದಾಗ

"ಹೇಗೂ ಒಂದು ಸೇದಿಯಾಯಿತು, ಇನ್ನೇನು" ಎಂಬ ಮನಃಸ್ಥಿತಿಯೇ ಒಂದು ಜಾರುವಿಕೆಯನ್ನು ಪೂರ್ತಿ ಮರುಕಳಿಕೆಯಾಗಿಸುತ್ತದೆ ಎಂದು ಮಾರ್ಲಟ್ ತೋರಿಸಿದ್ದರು. ಆದ್ದರಿಂದ ಜಾರಿದಾಗ ಏನು ಮಾಡಬೇಕೆಂಬ ಚೀಟಿಯನ್ನೂ ಮೊದಲೇ ಬರೆದಿಡಬೇಕು. ಉಳಿದದ್ದನ್ನು ನೀರಿಗೆ ಹಾಕಿ ಕೆಡಿಸು, ಆ ಜಾಗದಿಂದ ಹೊರಡು, ಒಬ್ಬರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳು, ಮಲಗುವ ಮುಂಚೆ ದಿನಚರಿಯಲ್ಲಿ ಆ ಸಾಲನ್ನು ಬರೆ. ಬೈದುಕೊಳ್ಳುವ ಸಾಲು ಬೇಡ. ಸಮಯ, ಜಾಗ, ಜೊತೆಗಿದ್ದವರು, ಮುಂಚಿನ ಗಳಿಗೆ ಇಷ್ಟೇ ಇರಲಿ. ಮರುದಿನ ಅದನ್ನು ಓದಿ "ಹೀಗಾದರೆ ಹೀಗೆ" ವಾಕ್ಯಗಳಲ್ಲಿ ಒಂದನ್ನು ತಿದ್ದಿ. ಒಂದು ಎಚ್ಚರಿಕೆ: ವಾರಗಟ್ಟಲೆ ಬಿಟ್ಟಿದ್ದವರ ದೇಹಕ್ಕೆ ಹಿಂದಿನ ಪ್ರಮಾಣ ತಡೆಯುವ ಶಕ್ತಿ ಕುಗ್ಗಿರುತ್ತದೆ. ಅಫೀಮು ಜಾತಿಯ ಮಾದಕವಸ್ತು ಬಳಸುತ್ತಿದ್ದವರು ಜಾರಿದಾಗ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಸಾವು ಸಂಭವಿಸಬಹುದು.

ಮನೆಯವರಿಗೆ

ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿಸುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಆಣೆ ಮುರಿದ ದಿನ ನಾಚಿಕೆ ಇಮ್ಮಡಿಯಾಗಿ, ಆ ಮನುಷ್ಯ ಮರೆಮಾಚಲು ಕಲಿಯುತ್ತಾನೆ. ಅದರ ಬದಲು ಅವರ ಲಾಭ ನಷ್ಟದ ಹಾಳೆಯನ್ನು ಅವರು ತೋರಿಸಿದರೆ ಓದಿ, ತೋರಿಸದಿದ್ದರೆ ಹುಡುಕಿ ಓದಬೇಡಿ. "ಎಷ್ಟು ಸಲ ಹೇಳಿದ್ದೇನೆ ನಿಮಗೆ" ಎಂಬ ಮಾತಿಗಿಂತ "ಇವತ್ತು ಯಾವ ಹೊತ್ತು ಕಷ್ಟ ಆಯಿತು ನಿಮಗೆ?" ಎಂಬ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ. ಕುಡಿದು ಬಂದಾಗ ವಾದಕ್ಕಿಳಿಯಬೇಡಿ, ಬೆಳಗ್ಗೆ ಮಾತನಾಡಿ. ಹೊಡೆತ ಬಡಿತ ಇದ್ದರೆ ಮೊದಲು ನಿಮ್ಮ ಮತ್ತು ಮಕ್ಕಳ ಸುರಕ್ಷತೆ ನೋಡಿಕೊಳ್ಳಿ: ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕುಡಿಯುವವರು ಇನ್ನೂ ಒಪ್ಪದಿದ್ದರೂ ನೀವೇ 14416 ಅಥವಾ 14446ಕ್ಕೆ ಕರೆ ಮಾಡಿ, ಮನೆಯಲ್ಲಿ ಹೇಗೆ ಮಾತನಾಡಬೇಕು, ಯಾವಾಗ ಆಸ್ಪತ್ರೆಗೆ ಕರೆತರಬೇಕು ಎಂದು ಕೇಳಬಹುದು. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಬಳಗವೂ ಇದೆ. ಅಲ್ಲಿಗೆ ಹೋಗಲು ಮನೆಯಲ್ಲಿ ಕುಡಿಯುವವರ ಅನುಮತಿ ಬೇಕಿಲ್ಲ.